134 ಸೋಲು ಯಾರ ಖಾತೆಗೆ?

2024ರ ಸೆಪ್ಟೆಂಬರ್ 27ರಂದು ಡೆಟ್ರಾಯಿಟ್‌ನಲ್ಲಿ ಷಿಕಾಗೊ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡ 4–1ರಲ್ಲಿ ಸೋತಿತು. ಆ ಸೀಸನ್‌ನಲ್ಲಿ ಅದು ಅವರ 121ನೇ ಸೋಲು. 1962ರಲ್ಲಿ ಹೊಸದಾಗಿ ಕಣಕ್ಕಿಳಿದ ನ್ಯೂಯಾರ್ಕ್ ಮೆಟ್ಸ್ ತಂಡ 120 ಪಂದ್ಯ ಸೋತು ನಿರ್ಮಿಸಿದ್ದ ದಾಖಲೆ ಅಂದು ಅಳಿಸಿಹೋಯಿತು. ಈ ಸುದ್ದಿ ಬರೆದವರು ಜೊತೆಗೊಂದು ಷರತ್ತನ್ನೂ ಸೇರಿಸಿದ್ದರು: ಇದು 1900ರಿಂದ ಈಚಿನ ಲೆಕ್ಕ. ಹಳೆಯ ಅಂಕಿಅಂಶ ಕೆದಕುವ ಚಟ ಇರುವವರಿಗೆ ಇಂಥ ಷರತ್ತು ಕಣ್ಣಿಗೆ ಬಿದ್ದರೆ ಸುಮ್ಮನಿರಲು ಆಗುವುದಿಲ್ಲ. 1900ಕ್ಕೆ ಗೆರೆ ಎಳೆದದ್ದು ಯಾಕೆ? ಗೆರೆಯ ಆಚೆ ಯಾರಿದ್ದಾರೆ?

ಹುಡುಕಲು ದೂರ ಹೋಗಬೇಕಿಲ್ಲ. ಗೆರೆಯ ಆಚೆ ಮೊದಲು ಸಿಗುವ ವರ್ಷ 1899. ಆ ವರ್ಷದ ನ್ಯಾಷನಲ್ ಲೀಗ್ ಪಟ್ಟಿಯಲ್ಲಿ ಹನ್ನೆರಡು ತಂಡಗಳು. ಮೇಲೆ ಬ್ರೂಕ್ಲಿನ್: 101 ಗೆಲುವು, 47 ಸೋಲು. ಹನ್ನೊಂದನೆಯದು ವಾಷಿಂಗ್ಟನ್: 54 ಗೆಲುವು, 98 ಸೋಲು. ಅದರ ಕೆಳಗೆ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್: 20 ಗೆಲುವು, 134 ಸೋಲು. ಚಾಂಪಿಯನ್ನರಿಗಿಂತ 84 ಪಂದ್ಯಗಳಷ್ಟು ಹಿಂದೆ. ಅದಿರಲಿ, ಹನ್ನೊಂದನೇ ಸ್ಥಾನದವರಿಗಿಂತಲೇ 35 ಪಂದ್ಯ ಹಿಂದೆ. ಅಮೆರಿಕದ ಅತ್ಯುನ್ನತ ದರ್ಜೆಯ (ಮೇಜರ್ ಲೀಗ್) ಬೇಸ್‌ಬಾಲ್‌ನಲ್ಲಿ ಒಂದು ಸೀಸನ್‌ಗೆ ಇಷ್ಟು ಸೋಲು ಕಂಡ ತಂಡ ಇನ್ನೊಂದಿಲ್ಲ.

ಸೋತು ಸುಣ್ಣವಾದ ತಂಡ ಎಂದು ನಕ್ಕು ಮುಂದೆ ಹೋಗಬಹುದಿತ್ತು. ಬಹಳಷ್ಟು ಪುಸ್ತಕಗಳು ಹಾಗೇ ಮಾಡಿವೆ. ಆದರೆ ತವರಿನ ಮತ್ತು ಹೊರಗಿನ ಪಂದ್ಯಗಳನ್ನು ಬೇರೆ ಮಾಡಿ ತೋರಿಸುವ ಕಾಲಂ ನೋಡಿದಾಗ ನಗು ನಿಲ್ಲುತ್ತದೆ. ತವರಿನಲ್ಲಿ 9 ಗೆಲುವು, 33 ಸೋಲು. ಹೊರಗೆ 11 ಗೆಲುವು, 101 ಸೋಲು. ಕೂಡಿಸಿ ನೋಡಿ: ತವರಿನಲ್ಲಿ 42 ಪಂದ್ಯ, ಹೊರಗೆ 112. ಪ್ರತಿ ಎದುರಾಳಿಯೊಂದಿಗೆ 14ರಂತೆ ಹನ್ನೊಂದು ತಂಡಗಳೊಂದಿಗೆ 154 ಪಂದ್ಯ. ಅರ್ಧ ಇಲ್ಲಿ, ಅರ್ಧ ಅಲ್ಲಿ ಎಂಬುದು ಲೀಗಿನ ಸಾಮಾನ್ಯ ಪದ್ಧತಿ. 77ರ ಆಸುಪಾಸು ತವರಿನಲ್ಲಿ ನಡೆಯಬೇಕಿತ್ತು. ಮೂವತ್ತೈದು ಪಂದ್ಯಗಳು ಊರು ಬಿಟ್ಟು ಹೋಗಿವೆ. ಕೆಟ್ಟ ಬ್ಯಾಟಿಂಗ್‌ನಿಂದ ಪಂದ್ಯ ಸೋಲಬಹುದು, ಪಂದ್ಯದ ಊರು ಬದಲಾಗುವುದಿಲ್ಲ. ನನ್ನ ಹುಡುಕಾಟ ಶುರುವಾದದ್ದು ಈ 42ರಿಂದ.

ಮೊದಲು ಆಧಾರಗಳ ಬಗ್ಗೆ ಒಂದು ಮಾತು. ನೂರಿಪ್ಪತ್ತೈದು ವರ್ಷ ಹಿಂದಿನ ಆಟದ ಬಗ್ಗೆ ಇಷ್ಟು ಖಚಿತವಾಗಿ ಮಾತಾಡಲು ಸಾಧ್ಯವಾಗಿರುವುದು ಬಾಕ್ಸ್ ಸ್ಕೋರ್‌ನಿಂದ. ಅದಕ್ಕೂ ಕ್ರಿಕೆಟ್‌ಗೂ ರಕ್ತಸಂಬಂಧವಿದೆ. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, ಬಾಲ್ಯದಲ್ಲೇ ನ್ಯೂಯಾರ್ಕ್ ಕಡೆಗೆ ಬಂದ ಹೆನ್ರಿ ಚಾಡ್ವಿಕ್ ಮೊದಲು ಕ್ರಿಕೆಟ್ ವರದಿಗಾರ. ಬೇಸ್‌ಬಾಲ್ ಕಡೆ ಹೊರಳಿದಾಗ ಕ್ರಿಕೆಟ್ ಸ್ಕೋರ್‌ಕಾರ್ಡಿನ ಶಿಸ್ತನ್ನೂ ಜೊತೆಗೆ ಒಯ್ದ. ಎಡಕ್ಕೆ ಆಟಗಾರರ ಹೆಸರು, ಪಕ್ಕದಲ್ಲಿ ರನ್, ಹಿಟ್, ಕ್ಯಾಚ್, ಎರರ್; ಕೆಳಗೆ ಇನಿಂಗ್ಸ್‌ವಾರು ಸ್ಕೋರು; ಅದಕ್ಕೂ ಕೆಳಗೆ ಸಣ್ಣ ಅಕ್ಷರದಲ್ಲಿ ಅಂಪೈರ್ ಹೆಸರು, ಆಟಕ್ಕೆ ಹಿಡಿದ ಹೊತ್ತು, ಬಂದ ಜನರ ಸಂಖ್ಯೆ. ಸ್ಕೋರ್‌ಕಾರ್ಡ್ ನೋಡಿ ಬೆಳೆದ ನಮ್ಮಂಥವರಿಗೆ ಇದನ್ನು ಓದಲು ಹತ್ತು ನಿಮಿಷದ ಅಭ್ಯಾಸ ಸಾಕು.

ಈ ಬಾಕ್ಸ್ ಸ್ಕೋರ್‌ಗಳನ್ನು ದಿನಪತ್ರಿಕೆಗಳು ಪಂದ್ಯದ ಮರುದಿನವೇ ಅಚ್ಚು ಹಾಕುತ್ತಿದ್ದವು. ಫಿಲಡೆಲ್ಫಿಯಾದ ‘ಸ್ಪೋರ್ಟಿಂಗ್ ಲೈಫ್’ ಎಂಬ ವಾರಪತ್ರಿಕೆ ಎಲ್ಲ ಊರುಗಳ ಆಟದ ಸುದ್ದಿ ಒಟ್ಟು ಮಾಡಿ ಕೊಡುತ್ತಿತ್ತು. ಅದರ ಹಳೆಯ ಸಂಚಿಕೆಗಳು ಈಗ ಸ್ಕ್ಯಾನ್ ಆಗಿ ಎಲ್ಲರಿಗೂ ಸಿಗುತ್ತವೆ. 1969ರಲ್ಲಿ ಮ್ಯಾಕ್‌ಮಿಲನ್ ಪ್ರಕಾಶನ ಕಂಪ್ಯೂಟರ್ ನೆರವಿನಿಂದ ತಂದ ದಪ್ಪ ಬೇಸ್‌ಬಾಲ್ ವಿಶ್ವಕೋಶ, 1971ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ಹುಟ್ಟಿದ ಸಂಶೋಧಕರ ಸಂಘ ‘ಸೇಬರ್’, 1989ರಲ್ಲಿ ಶುರುವಾದ ‘ರೆಟ್ರೊಶೀಟ್’: ಇವೆಲ್ಲ ಹಳೆಯ ಲೆಕ್ಕವನ್ನು ಮತ್ತೆ ಮತ್ತೆ ಎಣಿಸಿ ತಿದ್ದಿದವು. ತಿದ್ದುಪಡಿ ಸಣ್ಣದೇನಲ್ಲ. 1899ರಲ್ಲಿ ಜೆಸ್ಸಿ ಬರ್ಕೆಟ್‌ನ ಬ್ಯಾಟಿಂಗ್ ಸರಾಸರಿ .402 ಎಂದು ದಶಕಗಳ ಕಾಲ ಪುಸ್ತಕಗಳಲ್ಲಿತ್ತು. ಮರುಎಣಿಕೆಯಲ್ಲಿ ಅದು .396ಕ್ಕೆ ಇಳಿಯಿತು. ಬೇಸ್‌ಬಾಲ್‌ನಲ್ಲಿ .400 ದಾಟುವುದೆಂದರೆ ಸಾಮಾನ್ಯದ ಮಾತಲ್ಲ; ಮೂರು ಸಲ ದಾಟಿದವನೆಂಬ ಖ್ಯಾತಿ ಬರ್ಕೆಟ್‌ಗಿತ್ತು. ಅವನು ತೀರಿಕೊಂಡ ಎಷ್ಟೋ ಕಾಲದ ಮೇಲೆ ಅದರಲ್ಲೊಂದು ಕಡಿಮೆಯಾಯಿತು.

ಬರ್ಕೆಟ್ ಹೆಸರನ್ನು ಇಲ್ಲಿ ಸುಮ್ಮನೆ ತಂದಿಲ್ಲ. ಅದಕ್ಕೆ ಮುಂದೆ ಬರುತ್ತೇನೆ. ಈಗ 42ರ ಕತೆ.

ಬಾಕ್ಸ್ ಸ್ಕೋರ್‌ನ ತಳದಲ್ಲಿರುವ ಜನರ ಸಂಖ್ಯೆಯನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ಸ್ಪೈಡರ್ಸ್ ವಿಷಯದಲ್ಲಿ ಅದೇ ಮುಖ್ಯ. ತವರಿನ ಮೊದಲ 16 ಪಂದ್ಯಗಳಿಗೆ ಬಂದವರು ಒಟ್ಟು 3,179 ಮಂದಿ. ಪಂದ್ಯಕ್ಕೆ ಇನ್ನೂರು ಜನ. ಇಡೀ ಸೀಸನ್‌ನ 42 ಪಂದ್ಯಗಳಿಗೆ 6,088; ಅಂದರೆ ಪಂದ್ಯಕ್ಕೆ 145. ಮೊದಲ ಹದಿನಾರನ್ನು ಬಿಟ್ಟು ಲೆಕ್ಕ ಹಾಕಿದರೆ ಉಳಿದ 26 ಪಂದ್ಯಗಳಿಗೆ ತಲಾ 112ರಷ್ಟು ಮಂದಿ ಮಾತ್ರ. ನಮ್ಮೂರ ಹೈಸ್ಕೂಲ್ ಮೈದಾನದ ಟೆನಿಸ್ ಬಾಲ್ ಟೂರ್ನಿಯ ಫೈನಲ್‌ಗೂ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ.

ಅಂದಿನ ಲೀಗ್‌ನಲ್ಲಿ ಹೊರಗಿನಿಂದ ಬಂದ ತಂಡಕ್ಕೂ ಗೇಟ್ ಹಣದಲ್ಲಿ ಪಾಲಿತ್ತು. ಟಿಕೆಟಿಗೆ ಅರ್ಧ ಡಾಲರ್ ಎಂದೇ ಇಟ್ಟುಕೊಳ್ಳಿ; 145 ಜನರಿಂದ ಬರುವುದು ಎಪ್ಪತ್ತೆರಡು ಡಾಲರ್ ಚಿಲ್ಲರೆ. ಅದರಲ್ಲಿ ಒಂದು ಪಾಲು ಹಿಡಿದುಕೊಂಡು ಹದಿನೈದು ಮಂದಿಗೆ ರೈಲು ಟಿಕೆಟ್, ಹೋಟೆಲ್, ಊಟ ಯಾವ ಮಾಲೀಕ ಕೊಟ್ಟಾನು? ಬೇರೆ ತಂಡಗಳು ಕ್ಲೀವ್‌ಲ್ಯಾಂಡಿಗೆ ಬರಲೊಲ್ಲೆವು ಎಂದವು. ನೀವೇ ನಮ್ಮೂರಿಗೆ ಬನ್ನಿ ಎಂದವು. ಸ್ಪೈಡರ್ಸ್ ಗಂಟುಮೂಟೆ ಕಟ್ಟಿತು. ಕೊನೆಯ 93 ಪಂದ್ಯಗಳಲ್ಲಿ 85 ಪರಊರಿನಲ್ಲಿ ನಡೆದವು. ಪತ್ರಿಕೆಗಳು ತಂಡವನ್ನು ಅಲೆಮಾರಿಗಳು, ಗಡಿಪಾರಾದವರು, ಮಿಕ್ಕುಳಿದವರು ಎಂದೆಲ್ಲ ಕರೆಯತೊಡಗಿದವು. ಇಂದಿನ ಸೀಸನ್‌ನಲ್ಲಿ ಒಂದು ತಂಡ ಹೊರಗೆ ಆಡುವುದು 81 ಪಂದ್ಯ. ಹಾಗಾಗಿ ಹೊರಗಿನ 101 ಸೋಲಿನ ದಾಖಲೆಯನ್ನು ಮುರಿಯಲು ಮುಂದೆಯೂ ಯಾರಿಂದಲೂ ಆಗುವುದಿಲ್ಲ.

ಸರಿ, ಜನ ಬರಲಿಲ್ಲವಾದ್ದರಿಂದ ಪಂದ್ಯ ಹೊರಗೆ ಹೋಯಿತು. ಆದರೆ ಜನ ಯಾಕೆ ಬರಲಿಲ್ಲ? ಸೋಲುತ್ತಿದ್ದರು, ಅದಕ್ಕೆ ಬರಲಿಲ್ಲ ಎಂಬ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಅದನ್ನು ಪರೀಕ್ಷಿಸಲು 1962ರ ಮೆಟ್ಸ್ ಲೆಕ್ಕ ಪಕ್ಕದಲ್ಲಿಟ್ಟೆ. 120 ಪಂದ್ಯ ಸೋತ ಆ ತಂಡದ ತವರಿನ ಆಟ ನೋಡಲು ಬಂದವರು 9,22,530 ಜನ. ಸೋಲು ಎಂದಮಾತ್ರಕ್ಕೆ ಜನ ಓಡಿಹೋಗುವುದಿಲ್ಲ. ತಮ್ಮದು ಅನ್ನಿಸಿದ ತಂಡ ಎಷ್ಟು ಸೋತರೂ ಬಂದು ಕೂರುತ್ತಾರೆ, ಬೈಯುತ್ತಾರೆ, ನಾಳೆ ಮತ್ತೆ ಬರುತ್ತಾರೆ. ಮೇಲಾಗಿ ಕ್ಲೀವ್‌ಲ್ಯಾಂಡಿನ ಜನ ಸೋಲು ಶುರುವಾದ ಮೇಲೆ ದೂರ ಸರಿದವರಲ್ಲ. ತವರಿನ ಮೊದಮೊದಲ ಪಂದ್ಯಗಳಿಗೇ ಅವರು ಬಂದಿರಲಿಲ್ಲ. ಅವರಿಗೆ ಏನೋ ಮೊದಲೇ ಗೊತ್ತಿತ್ತು.

ಅದು ಏನೆಂದು ತಿಳಿಯಲು ಮುಂದಿನ ಕಾಗದ ಬೇಕಾಯಿತು: ಆಟಗಾರರ ಪಟ್ಟಿ. 1898ರ ಕ್ಲೀವ್‌ಲ್ಯಾಂಡ್ ಪಟ್ಟಿಯನ್ನೂ 1899ರ ಕ್ಲೀವ್‌ಲ್ಯಾಂಡ್ ಪಟ್ಟಿಯನ್ನೂ ಎದುರುಬದುರು ಇಟ್ಟರೆ ಒಂದೇ ಊರಿನ ಎರಡು ವರ್ಷದ ತಂಡ ಅನ್ನಿಸುವುದಿಲ್ಲ. 1898ರಲ್ಲಿ ಪಿಚರ್ ಸೈ ಯಂಗ್ ಇದ್ದಾನೆ; ಮುಂದೆ 511 ಪಂದ್ಯ ಗೆದ್ದು ಯಾರೂ ಮುಟ್ಟಲಾಗದ ಎತ್ತರಕ್ಕೆ ಹೋದವನು, ಅತ್ಯುತ್ತಮ ಪಿಚರ್‌ಗೆ ಕೊಡುವ ಪ್ರಶಸ್ತಿಗೆ ಇವತ್ತಿಗೂ ಅವನದೇ ಹೆಸರು. ಬರ್ಕೆಟ್ ಇದ್ದಾನೆ. ಬಾಬಿ ವ್ಯಾಲೇಸ್, ಕ್ಯೂಪಿಡ್ ಚೈಲ್ಡ್ಸ್ ಇದ್ದಾರೆ. ಆಟಗಾರನೂ ಮ್ಯಾನೇಜರನೂ ಆದ ಪ್ಯಾಟ್ಸಿ ಟೆಬೋ ಇದ್ದಾನೆ. 1895ರಲ್ಲಿ ಬಾಲ್ಟಿಮೋರ್‌ನ ಘಟಾನುಘಟಿಗಳನ್ನು ಮಣಿಸಿ ಟೆಂಪಲ್ ಕಪ್ ಗೆದ್ದ ತಂಡದ ತಿರುಳು ಇದು. 1899ರ ಪಟ್ಟಿಯಲ್ಲಿ ಇವರಲ್ಲಿ ಒಬ್ಬನೂ ಇಲ್ಲ.

ಹಾಗಾದರೆ ಎಲ್ಲಿಗೆ ಹೋದರು? ಮೂರನೆಯ ಪಟ್ಟಿ ತೆಗೆದು ನೋಡಿದೆ: 1899ರ ಸೇಂಟ್ ಲೂಯಿಸ್. ಯಂಗ್, ಬರ್ಕೆಟ್, ವ್ಯಾಲೇಸ್, ಚೈಲ್ಡ್ಸ್, ಮ್ಯಾನೇಜರ್ ಸ್ಥಾನದಲ್ಲಿ ಟೆಬೋ. ಇಡೀ ಸಂಸಾರ ಮನೆ ಬದಲಿಸಿದೆ. ಆ ತಂಡದ ಹೆಸರೂ ಬದಲಾಗಿದೆ. ಬ್ರೌನ್ಸ್ ಇದ್ದದ್ದು ಪರ್ಫೆಕ್ಟೋಸ್ ಆಗಿದೆ. ಪರಿಪೂರ್ಣರು! ಎರಡೂ ತಂಡಗಳ ಮಾಲೀಕರ ಹೆಸರು ಹುಡುಕಿದರೆ ಎರಡೂ ಕಡೆ ಒಂದೇ ಉತ್ತರ: ರಾಬಿಸನ್ ಸಹೋದರರು.

ಫ್ರ್ಯಾಂಕ್ ರಾಬಿಸನ್ ಮತ್ತು ಅವನ ತಮ್ಮ ಸ್ಟ್ಯಾನ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಟ್ರಾಮ್ ಉದ್ಯಮ ನಡೆಸಿ ದುಡ್ಡು ಮಾಡಿದವರು. 1891ರಲ್ಲಿ ತಂಡಕ್ಕೆ ‘ಲೀಗ್ ಪಾರ್ಕ್’ ಕಟ್ಟಿಸಿದಾಗ ತಮ್ಮದೇ ಟ್ರಾಮ್ ಹಳಿ ಹಾದುಹೋಗುವ ಜಾಗ ಆರಿಸಿದರು. ಆಟ ನೋಡಲು ಬರುವವನು ಟ್ರಾಮಿಗೂ ಕಾಸು ಕೊಡಬೇಕು, ಗೇಟಿಗೂ ಕಾಸು ಕೊಡಬೇಕು. ಎರಡೂ ಒಂದೇ ಜೇಬಿಗೆ. ಅಲ್ಲಿ ಮೊದಲ ಪಂದ್ಯದಲ್ಲಿ ಚೆಂಡು ಎಸೆದವನು ಸೈ ಯಂಗ್.

ತಂಡ ಚೆನ್ನಾಗಿ ಆಡಿದರೂ ಫ್ರ್ಯಾಂಕ್‌ಗೆ ಊರಿನ ಮೇಲೆ ಸಿಟ್ಟಿತ್ತು. ಕಾರ್ಮಿಕರಿಗೆ ರಜೆ ಇರುವುದು ಭಾನುವಾರ. ಆದರೆ ಭಾನುವಾರ ಆಟವಾಡುವುದಕ್ಕೆ ಅಲ್ಲಿ ಕಾನೂನಿನ ಅಡ್ಡಿ. 1897ರ ಮೇ 16ರ ಭಾನುವಾರ ಧೈರ್ಯ ಮಾಡಿ ವಾಷಿಂಗ್ಟನ್ ತಂಡದೊಂದಿಗೆ ಪಂದ್ಯ ಇಟ್ಟುಕೊಂಡರು. ಒಂದು ಇನಿಂಗ್ಸ್ ಮುಗಿಯುತ್ತಿದ್ದಂತೆ ಪೊಲೀಸರು ಬಂದು ಎರಡೂ ತಂಡದವರನ್ನು ಹಿಡಿದುಕೊಂಡು ಹೋದರು. 1898ರ ಹೊತ್ತಿಗೆ ಜನ ಕಡಿಮೆಯಾದರು, ತವರಿನ ಹಲವು ಪಂದ್ಯಗಳನ್ನು ಫ್ರ್ಯಾಂಕ್ ಬೇರೆ ಊರುಗಳಿಗೆ ಒಯ್ದ. ಆ ವರ್ಷ ತವರಿಗೆ ಬಂದವರು ಎಪ್ಪತ್ತು ಸಾವಿರದಷ್ಟು. ಇತ್ತ ಸೇಂಟ್ ಲೂಯಿಸ್ ದೊಡ್ಡ ಊರು, ಭಾನುವಾರದ ಆಟಕ್ಕೆ ಅಡ್ಡಿಯಿಲ್ಲ. ಆದರೆ ಅಲ್ಲಿನ ಬ್ರೌನ್ಸ್ ತಂಡ 39 ಗೆದ್ದು 111 ಸೋತು ತಳ ಸೇರಿತ್ತು; ಅದರ ಮಾಲೀಕ ಕ್ರಿಸ್ ಫಾನ್ ಡೆರ್ ಆಹೆ ಸಾಲದಲ್ಲಿ ಮುಳುಗಿದ್ದ. 1899ರ ಮಾರ್ಚ್‌ನಲ್ಲಿ ತಂಡ ಕೋರ್ಟ್ ಹರಾಜಿಗೆ ಬಂತು. ಕೈ ಬದಲಾಗಿ ಕೊನೆಗೆ ರಾಬಿಸನ್ನರ ಪಾಲಾಯಿತು. ಕ್ಲೀವ್‌ಲ್ಯಾಂಡ್ ತಂಡವನ್ನು ಅವರು ಮಾರಲಿಲ್ಲ. ಎರಡನ್ನೂ ಇಟ್ಟುಕೊಂಡರು.

ಇದಕ್ಕೆ ಅಂದು ‘ಸಿಂಡಿಕೇಟ್ ಬೇಸ್‌ಬಾಲ್’ ಎಂದು ಹೆಸರು. ಕಾನೂನುಬಾಹಿರ ಅಲ್ಲ. 1891ರ ಸೀಸನ್‌ನ ನಂತರ ಎದುರಾಳಿ ಲೀಗ್ ಅಮೆರಿಕನ್ ಅಸೋಸಿಯೇಷನ್ ಮುಚ್ಚಿಹೋಗಿ, ಅದರ ನಾಲ್ಕು ತಂಡಗಳನ್ನು ನುಂಗಿ ನ್ಯಾಷನಲ್ ಲೀಗ್ ಹನ್ನೆರಡು ತಂಡಗಳ ಏಕಸ್ವಾಮ್ಯವಾಗಿತ್ತು. ಕೇಳುವವರಿರಲಿಲ್ಲ. ಆಟಗಾರರಾದರೂ ಕೇಳಬಹುದಿತ್ತಲ್ಲ ಎಂದರೆ, ಅವರ ಕೈ ಕಟ್ಟಿಹಾಕಲು ‘ರಿಸರ್ವ್ ಕ್ಲಾಜ್’ ಇತ್ತು: ಒಪ್ಪಂದದ ಅವಧಿ ಮುಗಿದರೂ ಆಟಗಾರ ತಂಡದ ಹಿಡಿತದಲ್ಲೇ ಇರುತ್ತಾನೆ, ಬೇರೆಯವರು ಅವನನ್ನು ಸೇರಿಸಿಕೊಳ್ಳುವಂತಿಲ್ಲ. ಸಂಬಳಕ್ಕೆ 2,400 ಡಾಲರ್ ಮಿತಿ ಬೇರೆ. ಮಾಲೀಕ ಕೈ ತೋರಿಸಿದ ಕಡೆಗೆ ಸೈ ಯಂಗ್‌ನಂಥವನೂ ಪೆಟ್ಟಿಗೆ ಹಿಡಿದು ಹೊರಡಬೇಕಿತ್ತು.

ಕ್ಲೀವ್‌ಲ್ಯಾಂಡಿಗೆ ಬಂದವರು ಸೇಂಟ್ ಲೂಯಿಸ್‌ಗೆ ಬೇಡವಾದವರು. ಆ ತಂಡವನ್ನು ಉಪಕಸುಬಿನಂತೆ ನಡೆಸುತ್ತೇವೆ ಎಂಬುದನ್ನು ಸ್ಟ್ಯಾನ್ಲಿ ಮುಚ್ಚಿಡಲೂ ಇಲ್ಲ. ಜನಕ್ಕೆ ಗೊತ್ತಿದ್ದದ್ದು ಇದೇ. ಸೀಸನ್‌ನ ಮೊದಲ ಪಂದ್ಯ, ಏಪ್ರಿಲ್ 15ರಂದು, ಸೇಂಟ್ ಲೂಯಿಸ್‌ನಲ್ಲೇ. ಒಬ್ಬನೇ ಯಜಮಾನನ ಎರಡು ತಂಡ ಎದುರುಬದುರಾದವು; 10–1ರಲ್ಲಿ ಹಳೆಯ ಕ್ಲೀವ್‌ಲ್ಯಾಂಡ್ ಹೊಸ ಕ್ಲೀವ್‌ಲ್ಯಾಂಡನ್ನು ಸೋಲಿಸಿತು.

ಇಲ್ಲಿಗೆ ಪತ್ತೇದಾರಿ ಮುಗಿಯಿತು ಎನ್ನಬಹುದು. ಅಪರಾಧಿ ಸಿಕ್ಕ, ಉದ್ದೇಶವೂ ಸಿಕ್ಕಿತು. ಆದರೆ ಈ ಏರ್ಪಾಟಿನಿಂದ ರಾಬಿಸನ್ನರಿಗೆ ಆಟದಲ್ಲಿ ಏನು ದಕ್ಕಿತು ಎಂಬುದನ್ನು ನಾನು ನೋಡಿದ ಬರಹಗಳು ಕೂಡಿ ಕಳೆದು ಹೇಳಿರಲಿಲ್ಲ. ಲೆಕ್ಕ ಸುಲಭದ್ದೇ. 1898ರಲ್ಲಿ ಕ್ಲೀವ್‌ಲ್ಯಾಂಡ್ 81 ಪಂದ್ಯ ಗೆದ್ದಿತ್ತು, ಸೇಂಟ್ ಲೂಯಿಸ್ 39. ಒಟ್ಟು 120. 1899ರಲ್ಲಿ ಸೇಂಟ್ ಲೂಯಿಸ್ 84, ಕ್ಲೀವ್‌ಲ್ಯಾಂಡ್ 20. ಒಟ್ಟು 104. ಒಂದು ಊರಿಗೆ 45 ಗೆಲುವು ಸೇರಿಸಲು ಇನ್ನೊಂದು ಊರಿನಿಂದ 61 ಕಿತ್ತುಕೊಂಡರು. ನಡುವೆ 16 ಗೆಲುವು ಸೋರಿಹೋದವು.

ಸ್ಥಾನದ ಲೆಕ್ಕ ಇನ್ನೂ ಮಜವಾಗಿದೆ. 1898ರಲ್ಲಿ ಈ ಆಟಗಾರರು ಕ್ಲೀವ್‌ಲ್ಯಾಂಡ್ ಹೆಸರಿನಲ್ಲಿ ಆಡಿ ಲೀಗ್‌ನಲ್ಲಿ ಐದನೆಯವರಾದರು. 1899ರಲ್ಲಿ ಸೇಂಟ್ ಲೂಯಿಸ್ ಹೆಸರಿನಲ್ಲಿ ಆಡಿದರು, ಅಲ್ಲೂ ಐದನೆಯವರೇ ಆದರು. ಸೈ ಯಂಗ್ 26 ಗೆದ್ದರೂ, ಬರ್ಕೆಟ್ .400ರ ಅಂಚಿಗೆ ಬಂದರೂ ಪರಿಪೂರ್ಣರು ಒಂದು ಮೆಟ್ಟಿಲೂ ಮೇಲೇರಲಿಲ್ಲ. ಒಂದು ಊರಿನ ತಂಡವನ್ನು ಬರಿದು ಮಾಡಿ ಪಡೆದದ್ದು ಮೊದಲೇ ಇದ್ದ ಐದನೇ ಸ್ಥಾನ. ಗಲ್ಲಾಪೆಟ್ಟಿಗೆಗೆ ಮಾತ್ರ ಲಾಭವಾಯಿತು: ಆ ವರ್ಷ ಸೇಂಟ್ ಲೂಯಿಸ್‌ನಲ್ಲಿ ಆಟ ನೋಡಿದವರು 3 ಲಕ್ಷ 70 ಸಾವಿರದ ಮೇಲೆ.

ಇನ್ನು ಕೈಬಿಟ್ಟ ತಂಡದ ದಿನಚರಿ. ಮೊದಲ ಮ್ಯಾನೇಜರ್ ಲೇವ್ ಕ್ರಾಸ್, ಅನುಭವಿ ಥರ್ಡ್ ಬೇಸ್‌ಮನ್. ಅವನ ಕೈಯಲ್ಲಿ 38 ಪಂದ್ಯ: 8 ಗೆಲುವು, 30 ಸೋಲು. ಇದ್ದುದರಲ್ಲಿ ಇದೇ ಒಳ್ಳೆಯ ಕಾಲ. ಕ್ರಾಸ್ ಚೆನ್ನಾಗಿ ಆಡುತ್ತಿದ್ದಾನೆ ಎಂದು ಗೊತ್ತಾದ ಕೂಡಲೆ ಅವನನ್ನು ಸೇಂಟ್ ಲೂಯಿಸ್‌ಗೆ ಕರೆಸಿಕೊಂಡರು. ಜೊತೆಗೆ ಪಿಚರ್ ವಿಲ್ಲಿ ಸುಡಾಫ್‌ನನ್ನೂ. ಆಸೀ ಶ್ರೆಕೆಂಗೋಸ್ಟ್ ಎಂಬ ಕ್ಯಾಚರನ ದಾಖಲೆಯಲ್ಲಿ ಆ ವರ್ಷದ ಓಡಾಟ ಹೀಗಿದೆ: ಸೇಂಟ್ ಲೂಯಿಸ್, ಕ್ಲೀವ್‌ಲ್ಯಾಂಡ್, ಸೇಂಟ್ ಲೂಯಿಸ್. ಬೇಡವೆಂದು ಕಳಿಸಿದರು, ಇಲ್ಲಿ ಅವನ ಬ್ಯಾಟು ಮಾತಾಡತೊಡಗಿತು, ವಾಪಸ್ ಕರೆಸಿಕೊಂಡರು. ಚೆನ್ನಾಗಿ ಆಡಿದರೆ ತಂಡದಿಂದ ಬಿಡುಗಡೆ, ಕೆಟ್ಟದಾಗಿ ಆಡಿದರೆ ಅಲ್ಲೇ ವಾಸ. ಅಂಥ ತಂಡ ಸುಧಾರಿಸುವ ದಾರಿ ಯಾವುದು?

ಕ್ರಾಸ್ ಹೋದ ಮೇಲೆ ಹೊಣೆ ಹೊತ್ತವನು ಜೋ ಕ್ವಿನ್. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಅಮೆರಿಕದ ಮೇಜರ್ ಲೀಗ್‌ನಲ್ಲಿ ಆಡಿದ ಮೊದಲಿಗ. ಎರಡನೆಯವನು ಬರಲು 1986ರವರೆಗೆ ಕಾಯಬೇಕಾಯಿತು. ಕ್ವಿನ್‌ಗೆ ಇನ್ನೊಂದು ಉದ್ಯೋಗವೂ ಇತ್ತು: ಸೇಂಟ್ ಲೂಯಿಸ್‌ನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು. ಕುಹಕಿಗಳಿಗೆ ಇದಕ್ಕಿಂತ ಏನು ಬೇಕು? ಆದರೆ ಅಂಕಿಗಳು ಅವನ ಪರವಾಗಿವೆ. ಸೆಕೆಂಡ್ ಬೇಸ್‌ನಲ್ಲಿ ನಿಂತು 147 ಪಂದ್ಯ ಆಡಿದ, .286 ಸರಾಸರಿಯಲ್ಲಿ ಬ್ಯಾಟ್ ಬೀಸಿದ. ಮ್ಯಾನೇಜರನಾಗಿ 12 ಗೆದ್ದು 104 ಸೋತ. ಹತ್ತು ವರ್ಷ ಹಿಂದೆ ಅಮೆರಿಕನ್ ಅಸೋಸಿಯೇಷನ್‌ನಲ್ಲಿ .372 ಬಾರಿಸಿ ಅಗ್ರಸ್ಥಾನ ಪಡೆದಿದ್ದ ಟಾಮಿ ಟಕರ್‌ನಿಗೆ ಇದು ಕೊನೆಯ ಸೀಸನ್. ಮೇಯ್ನ್ ರಾಜ್ಯದ ಪೆನೋಬ್‌ಸ್ಕಾಟ್ ಮೂಲನಿವಾಸಿ, 1897ರಲ್ಲಿ ಇದೇ ಅಂಗಳದಲ್ಲಿ ಮಿಂಚಿದ್ದ ಲೂಯಿ ಸಾಕಲೆಕ್ಸಿಸ್ ಏಳು ಪಂದ್ಯ ಆಡಿ ಹೊರಬಿದ್ದ.

ಬೇಸ್‌ಬಾಲ್‌ನಲ್ಲಿ ಪ್ರತಿ ಗೆಲುವು, ಪ್ರತಿ ಸೋಲನ್ನೂ ಒಬ್ಬ ಪಿಚರ್‌ನ ಹೆಸರಿಗೆ ಬರೆಯುವ ಪದ್ಧತಿಯಿದೆ. ಬೌಲರ್ ಒಬ್ಬನೇ ಪಂದ್ಯ ಸೋತ ಎಂದಂತೆ. ಜಿಮ್ ಹ್ಯೂಯಿ 4 ಗೆಲುವು, 30 ಸೋಲು. ಚಾರ್ಲಿ ನೆಪ್ಪರ್ 4 ಮತ್ತು 22. ಫ್ರ್ಯಾಂಕ್ ಬೇಟ್ಸ್ 1 ಮತ್ತು 18. ಕ್ರೇಜಿ ಶ್ಮಿಟ್ 2 ಮತ್ತು 17. ಈ ನಾಲ್ವರಿಂದಲೇ 11 ಗೆಲುವು, 87 ಸೋಲು. ಆಗಸ್ಟ್ 26ರಿಂದ ಸೆಪ್ಟೆಂಬರ್ 16ರವರೆಗೆ ಸತತ 24 ಸೋಲು. ಮೇಜರ್ ಲೀಗ್‌ನಲ್ಲಿ ಅಷ್ಟುದ್ದದ ಸರಣಿ ಮತ್ತೆ ಬಂದಿಲ್ಲ. ಆಮೇಲೆ ವಾಷಿಂಗ್ಟನ್ ಎದುರು ಒಂದು ಗೆಲುವು. ಆಮೇಲೆ ಸೀಸನ್ ಮುಗಿಯುವವರೆಗೆ ಮತ್ತೆ 16 ಸೋಲು.

ಒಂದು ಅನುಮಾನ ಉಳಿದಿತ್ತು. ತಂಡದ ಅದೃಷ್ಟವೂ ಕೆಟ್ಟಿತ್ತೇ? ಕೂದಲೆಳೆಯ ಅಂತರದಲ್ಲಿ ಬಹಳ ಪಂದ್ಯ ಕಳೆದುಕೊಂಡರೇ? ಇದನ್ನು ಅಳೆಯಲು ಬಿಲ್ ಜೇಮ್ಸ್ ಎಂಬ ಬೇಸ್‌ಬಾಲ್ ವಿಶ್ಲೇಷಕ ಒಂದು ಸೂತ್ರ ಕೊಟ್ಟಿದ್ದಾನೆ: ಗಳಿಸಿದ ರನ್ನಿನ ವರ್ಗವನ್ನು, ಗಳಿಸಿದ್ದು ಮತ್ತು ಬಿಟ್ಟುಕೊಟ್ಟದ್ದು ಎರಡರ ವರ್ಗಗಳ ಮೊತ್ತದಿಂದ ಭಾಗಿಸಿದರೆ ನ್ಯಾಯವಾಗಿ ಬರಬೇಕಾದ ಗೆಲುವಿನ ಪ್ರಮಾಣ ಸಿಗುತ್ತದೆ. ಸ್ಪೈಡರ್ಸ್ ಗಳಿಸಿದ್ದು 529, ಬಿಟ್ಟುಕೊಟ್ಟದ್ದು 1,252. ಲೆಕ್ಕ ಮಾಡಿದರೆ 154ರಲ್ಲಿ 23 ಗೆಲುವು. ಬಂದದ್ದು 20. ಅದೃಷ್ಟದ ಪಾಲು ಮೂರು ಪಂದ್ಯ, ಅಷ್ಟೇ. ದಿನಕ್ಕೆ ಮೂರೂವರೆ ರನ್ ಹೊಡೆದು ಎಂಟು ರನ್ ಕೊಡುವ ತಂಡಕ್ಕೆ ಸಿಗಬೇಕಾದದ್ದೇ ಸಿಕ್ಕಿದೆ. ಹನ್ನೊಂದನೇ ಸ್ಥಾನದವರಿಗಿಂತ 35 ಪಂದ್ಯ ಹಿಂದೆ ಬಿದ್ದದ್ದು ಅದೃಷ್ಟದ ಆಟವಲ್ಲ ಎಂಬುದನ್ನು ಈ ಲೆಕ್ಕ ಒಪ್ಪುತ್ತದೆ.

ಹಾಗಾದರೆ ಎರಡು ತಂಡ ಒಂದೇ ಕೈಯಲ್ಲಿದ್ದರೆ ಒಂದು ಸಾಯಲೇಬೇಕೇ? ಅದಕ್ಕೂ ಅದೇ ವರ್ಷ, ಅದೇ ಲೀಗ್‌ನಲ್ಲಿ ಉತ್ತರವಿದೆ. ಬ್ರೂಕ್ಲಿನ್ ಮತ್ತು ಬಾಲ್ಟಿಮೋರ್ ತಂಡಗಳೂ 1899ರಲ್ಲಿ ಒಂದೇ ಸಿಂಡಿಕೇಟ್‌ಗೆ ಸೇರಿದ್ದವು. ಮ್ಯಾನೇಜರ್ ನೆಡ್ ಹ್ಯಾನ್ಲನ್ ಬಾಲ್ಟಿಮೋರ್‌ನ ವಿಲ್ಲಿ ಕೀಲರ್, ಜೋ ಕೆಲ್ಲಿಯಂಥವರನ್ನು ಬ್ರೂಕ್ಲಿನ್‌ಗೆ ಒಯ್ದು ಚಾಂಪಿಯನ್ ಪಟ್ಟ ಗೆದ್ದ. ಆದರೆ ಬಾಲ್ಟಿಮೋರ್ ಆಟಗಾರರಾದ ಜಾನ್ ಮೆಕ್‌ಗ್ರಾ ಮತ್ತು ವಿಲ್ಬರ್ಟ್ ರಾಬಿನ್ಸನ್ ಹೋಗಲು ಒಪ್ಪಲಿಲ್ಲ. ಬಾಲ್ಟಿಮೋರ್‌ನಲ್ಲಿ ಅವರಿಬ್ಬರೂ ಪಾಲುದಾರಿಕೆಯಲ್ಲಿ ‘ಡೈಮಂಡ್ ಕೆಫೆ’ ನಡೆಸುತ್ತಿದ್ದರು, ಆ ವ್ಯಾಪಾರ ಬಿಟ್ಟು ಹೊರಡುವುದು ಅವರಿಗೆ ಬೇಕಿರಲಿಲ್ಲ. ಅಲ್ಲೇ ಉಳಿದ ಮೆಕ್‌ಗ್ರಾ ಮ್ಯಾನೇಜರನಾಗಿ, .391 ಬಾರಿಸಿ, ಜೋ ಮೆಕ್‌ಗಿನಿಟಿ ಎಂಬ ಹೊಸ ಪಿಚರ್‌ನಿಂದ 28 ಗೆಲುವು ತೆಗೆಸಿದ. ಲೂಟಿಯಾದ ಬಾಲ್ಟಿಮೋರ್ 86 ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂತು. ರಾಬಿಸನ್ನರ ಪರಿಪೂರ್ಣರಿಗಿಂತ ಒಂದು ಸ್ಥಾನ ಮೇಲೆ. ಬಾಲ್ಟಿಮೋರ್‌ನಲ್ಲಿ ತಂಡವನ್ನು ಕಟ್ಟುವ ಅಧಿಕಾರ ಇದ್ದ ಒಬ್ಬನಾದರೂ ಉಳಿದುಕೊಂಡ. ಕ್ಲೀವ್‌ಲ್ಯಾಂಡಿನಲ್ಲಿ ಅಂಥವನು ಮೊಳಕೆಯೊಡೆದ ಕೂಡಲೆ ಕಿತ್ತು ಸೇಂಟ್ ಲೂಯಿಸ್‌ನಲ್ಲಿ ನೆಟ್ಟರು. ಕ್ಲೀವ್‌ಲ್ಯಾಂಡಿನ 134 ಸೋಲಿಗೆ ಇಬ್ಬಗೆಯ ಮಾಲೀಕತ್ವ ಅರ್ಧ ಕಾರಣ. ಸೀಸನ್ ನಡುವೆಯೂ ನಿಲ್ಲದ ಈ ಕೀಳುವ ಕೆಲಸ ಇನ್ನರ್ಧ.

ಅಕ್ಟೋಬರ್ 15ರಂದು ಸಿನ್ಸಿನಾಟಿಯಲ್ಲಿ ಸೀಸನ್‌ನ ಕೊನೆಯ ದಿನ. ಒಂದೇ ದಿನ ಎರಡು ಪಂದ್ಯ. ಮೊದಲನೆಯದು 16–1ರಲ್ಲಿ ಹೋಯಿತು. ಎರಡನೆಯದರ ಬಾಕ್ಸ್ ಸ್ಕೋರ್‌ನಲ್ಲಿ ಕ್ಲೀವ್‌ಲ್ಯಾಂಡ್ ಪಿಚರ್‌ನ ಜಾಗದಲ್ಲಿ ಕೋಲ್ಬ್ ಎಂಬ ಹೆಸರಿದೆ. ಇಡೀ ಸೀಸನ್‌ನ ಬೇರೆ ಯಾವ ಪಂದ್ಯದಲ್ಲೂ ಈ ಹೆಸರಿಲ್ಲ. ಹಿಂದಿನ ವರ್ಷದಲ್ಲಿಲ್ಲ, ಮುಂದಿನ ವರ್ಷದಲ್ಲಿಲ್ಲ. ಎಡ್ಡಿ ಕೋಲ್ಬ್ ಹತ್ತೊಂಬತ್ತರ ಹುಡುಗ, ಸಿಗಾರ್ ಅಂಗಡಿಯ ಗುಮಾಸ್ತ. ಹವ್ಯಾಸಿಯಾಗಿ ಆಡುತ್ತಿದ್ದವನು ಕ್ವಿನ್‌ನನ್ನು ಒಪ್ಪಿಸಿ ಅಂಗಳಕ್ಕೆ ಇಳಿದ. 19–3ರಲ್ಲಿ ಸೋತ.

ಅವನ ಹೆಸರಿನ ಮುಂದಿನ ಅಂಕಿಗಳನ್ನು ಹತ್ತಿರದಿಂದ ನೋಡಿ. 8 ಇನಿಂಗ್ಸ್, 18 ಹಿಟ್, 19 ರನ್. ಅದರಲ್ಲಿ ಪಿಚರ್‌ನ ಹೊಣೆಗೆ ಸೇರುವ ರನ್ 9. ಉಳಿದ 10 ಎಲ್ಲಿಂದ ಬಂದವು? ಫೀಲ್ಡರ್‌ಗಳು ಚೆಂಡು ಬಿಟ್ಟದ್ದರಿಂದ, ತಪ್ಪಾಗಿ ಎಸೆದದ್ದರಿಂದ. ಬೇಸ್‌ಬಾಲ್ ಲೆಕ್ಕದಲ್ಲಿ ಇಂಥ ರನ್ನನ್ನು ಪಿಚರ್‌ನ ತಲೆಗೆ ಕಟ್ಟುವುದಿಲ್ಲ; ಎರರ್ ಮಾಡಿದವನ ಹೆಸರಿನ ಮುಂದೆ ಗುರುತು ಬೀಳುತ್ತದೆ. ಈ ಬೇರ್ಪಡಿಸಿದ ಲೆಕ್ಕವನ್ನು ನ್ಯಾಷನಲ್ ಲೀಗ್ ಅಧಿಕೃತವಾಗಿ ಇಡಲು ಶುರುಮಾಡಿದ್ದು 1912ರಲ್ಲಿ. 1899ರ ಕೋಲ್ಬ್‌ನ ಹೆಸರಿನ ಮುಂದೆ 9 ಎಂದು ಬರೆದದ್ದು, ಹಳೆಯ ಪತ್ರಿಕೆಗಳನ್ನು ಮತ್ತೆ ಓದಿದ ನಂತರದ ಸಂಶೋಧಕರು. ಅಂದರೆ ಸಿಗಾರ್ ಅಂಗಡಿಯ ಹುಡುಗನಿಗೂ ದಶಕಗಳ ನಂತರ ನ್ಯಾಯ ಸಿಕ್ಕಿದೆ: ಹತ್ತೊಂಬತ್ತರಲ್ಲಿ ನಿನ್ನ ತಪ್ಪು ಒಂಬತ್ತು ಮಾತ್ರ.

ಆ ನ್ಯಾಯ ಪಾಯಿಂಟ್ಸ್ ಟೇಬಲ್‌ವರೆಗೆ ಹೋಗಲಿಲ್ಲ. ತಂಡದ ಗೆಲುವು-ಸೋಲಿನ ಪಟ್ಟಿಯಲ್ಲಿ ಮಾಲೀಕನಿಗೆ ಕಾಲಂ ಇಲ್ಲ. ಹ್ಯೂಯಿಯ 30, ಕ್ವಿನ್‌ನ 104, ಕೋಲ್ಬ್‌ನ 1 ಎಲ್ಲವೂ ಹೆಸರು ಸಮೇತ ಅಚ್ಚಾಗಿವೆ. ರಾಬಿಸನ್ ಹೆಸರಿನ ಮುಂದೆ ಏನೂ ಇಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಆ ಸೀಸನ್ ನಂತರ ಲೀಗ್ ನಾಲ್ಕು ತಂಡಗಳನ್ನು ಕೈಬಿಟ್ಟಿತು: ಕ್ಲೀವ್‌ಲ್ಯಾಂಡ್, ಬಾಲ್ಟಿಮೋರ್, ವಾಷಿಂಗ್ಟನ್, ಲೂಯಿವಿಲ್. ಖಾಲಿಯಾದ ಊರುಗಳ ಮೇಲೆ ಬ್ಯಾನ್ ಜಾನ್ಸನ್ ಎಂಬ ಚತುರನ ಕಣ್ಣು ಬಿತ್ತು. ಅವನ ಹೊಸ ಅಮೆರಿಕನ್ ಲೀಗ್ 1900ರಲ್ಲಿ ಕ್ಲೀವ್‌ಲ್ಯಾಂಡಿಗೆ ತಂಡ ತಂದಿತು, 1901ರಲ್ಲಿ ತಾನೂ ಮೇಜರ್ ಲೀಗ್ ಎಂದು ಘೋಷಿಸಿಕೊಂಡಿತು. ಎರಡು ಲೀಗ್‌ಗಳ ಕಾಲ ಅಲ್ಲಿಂದ ಶುರು. ದಾಖಲೆಗಾರರು ಶತಮಾನದ ತಿರುವಿನಲ್ಲಿ ಗೆರೆ ಎಳೆದದ್ದು ಇದಕ್ಕೇ. ಕ್ಲೀವ್‌ಲ್ಯಾಂಡಿನ ಹಾಳು ಅಂಗಳ ಆ ಹೊಸ ಕಾಲಕ್ಕೆ ಜಾಗ ಮಾಡಿಕೊಟ್ಟಿತು. ಎದುರಾಳಿ ಲೀಗ್ ಬಂದದ್ದೇ ಆಟಗಾರರ ಕೈಕಟ್ಟು ಸಡಿಲವಾಯಿತು. 1901ರಲ್ಲಿ ಸೈ ಯಂಗ್ ರಾಬಿಸನ್ನರನ್ನು ಬಿಟ್ಟು ಬೋಸ್ಟನ್‌ಗೆ ಹೋದ, 1903ರ ಮೊದಲ ವರ್ಲ್ಡ್ ಸೀರೀಸ್ ಗೆದ್ದ. 1909ರಲ್ಲಿ ಆಡಲು ಮತ್ತೆ ಕ್ಲೀವ್‌ಲ್ಯಾಂಡಿಗೆ ಬಂದ. ಪರ್ಫೆಕ್ಟೋಸ್ ಹೆಸರು ಒಂದು ವರ್ಷಕ್ಕೇ ಮಾಸಿಹೋಗಿ ಸೇಂಟ್ ಲೂಯಿಸ್ ತಂಡ ಕಾರ್ಡಿನಲ್ಸ್ ಆಯಿತು. ಫ್ರ್ಯಾಂಕ್ 1908ರಲ್ಲಿ, ಸ್ಟ್ಯಾನ್ಲಿ 1911ರಲ್ಲಿ ತೀರಿಕೊಂಡ ಮೇಲೆ ತಂಡ ಫ್ರ್ಯಾಂಕ್‌ನ ಮಗಳು ಹೆಲೆನ್ ಬ್ರಿಟನ್ ಕೈಗೆ ಬಂತು. ಮೇಜರ್ ಲೀಗ್ ತಂಡದ ಮೊದಲ ಒಡತಿ ಆಕೆ. ಒಬ್ಬರೇ ಎರಡು ತಂಡ ಇಟ್ಟುಕೊಳ್ಳಲು ಇಂದಿನ ನಿಯಮ ಬಿಡುವುದಿಲ್ಲ.

ಸ್ಪೈಡರ್ಸ್‌ಗೆ ವಾರಸುದಾರರಿಲ್ಲ. ಇಂದಿನ ಕ್ಲೀವ್‌ಲ್ಯಾಂಡ್ ತಂಡದ ಇತಿಹಾಸ 1901ರಿಂದ ಎಣಿಕೆಯಾಗುತ್ತದೆ. 134 ಸೋಲು ಅದರ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಆ ತಂಡ ‘ಇಂಡಿಯನ್ಸ್’ ಎಂಬ ಹಳೆಯ ಹೆಸರನ್ನು ಕೈಬಿಡಲು ಹೊರಟಾಗ, ಹೊಸ ಹೆಸರು ಏನಿರಲಿ ಎಂಬ ಚರ್ಚೆಯಲ್ಲಿ ಅಭಿಮಾನಿಗಳು ಮತ್ತೆ ಮತ್ತೆ ಮುಂದಿಟ್ಟ ಹೆಸರುಗಳಲ್ಲಿ ಸ್ಪೈಡರ್ಸ್ ಒಂದು. 2021ರಲ್ಲಿ ಮಾಲೀಕರು ‘ಗಾರ್ಡಿಯನ್ಸ್’ ಆರಿಸಿದರು. ಒಂದೇ ಸೀಸನ್‌ನಲ್ಲಿ ಅತಿ ಹೆಚ್ಚು ಸೋತ ತಂಡದ ಹೆಸರನ್ನು ಮತ್ತೆ ತಮ್ಮ ಎದೆಯ ಮೇಲೆ ಹಾಕಿಕೊಳ್ಳಲು ಅಷ್ಟು ಜನ ಸಿದ್ಧರಿದ್ದರು. 1899ರಲ್ಲಿ ಅಂಗಳಕ್ಕೆ ಬಾರದೆ ಹೋದ ಊರಿನವರ ತೀರ್ಪಿಗೂ ಇದಕ್ಕೂ ವಿರೋಧವಿಲ್ಲ. ಆ ಸೋಲು ತಂಡದ್ದಲ್ಲ ಎಂಬುದು ಊರಿಗೆ ಆಗಲೂ ಗೊತ್ತಿತ್ತು. ಪಟ್ಟಿಗೆ ಈಗಲೂ ಗೊತ್ತಿಲ್ಲ.